ಊರುಗೋಲು: ವೈದ್ಯರನ್ನು ಕೇಳಲು ಸಂಕೋಚವೇಕೆ?

ರಕ್ತದೊತ್ತಡ, ಸಕ್ಕರೆ, ಮಲಬದ್ಧತೆ, ನಿದ್ರೆ ಬಾರದಿರುವುದು ಇವೆಲ್ಲವನ್ನೂ ವೈದ್ಯರಲ್ಲಿ ಹೇಳಿಕೊಳ್ಳುವ ಹಿರಿಯರು ಒಂದು ಮಾತನ್ನು ಮಾತ್ರ ಬಚ್ಚಿಡುತ್ತಾರೆ. ಅದು 'ನಡೆಯುವಾಗ ಗೋಡೆ ಹಿಡಿಯಬೇಕಾಗಿದೆ' ಎಂಬ ಮಾತು. ಕೋಲು ಹಿಡಿದರೆ ನಾಲ್ಕು ಜನ ಏನೆಂದಾರು ಎಂಬ ಅಳುಕು ಅವರಿಗೆ. ಮನೆಯವರಿಗೂ ಅದೇ ಅಳುಕು. ಮೊದಲು ಸಂಜೆಯ ತಿರುಗಾಟ ನಿಲ್ಲುತ್ತದೆ, ನಂತರ ದೇವಸ್ಥಾನ, ಆಮೇಲೆ ಮದುವೆ ಮುಂಜಿ. ಕೊನೆಗೊಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗ ವಿಷಯ ಬಯಲಾಗುತ್ತದೆ.

ವೈದ್ಯರಿಗೆ ತಾನಾಗಿಯೇ ತಿಳಿಯದೆ ಎಂದು ನೀವು ಕೇಳಬಹುದು. ಎಷ್ಟೋ ಸಲ ತಿಳಿಯುವುದಿಲ್ಲ. ರೋಗಿ ಮಗಳ ತೋಳು ಹಿಡಿದು ಒಳಬಂದು ಕುರ್ಚಿಯಲ್ಲಿ ಕುಳಿತುಬಿಡುತ್ತಾರೆ. ಹೊರಗೆ ಇನ್ನೂ ಹತ್ತಾರು ಜನ ಕಾದಿರುತ್ತಾರೆ. ಆದ್ದರಿಂದ ನಡಿಗೆಯ ವಿಷಯವನ್ನು ಮೊದಲೇ ಹೇಳಿ. ಚೀಟಿ ಬರೆದಾದ ಮೇಲೆ ಬಾಗಿಲ ಬಳಿ ನಿಂತು ಹೇಳಬೇಡಿ.

ಏನು ಹೇಳಬೇಕು?

'ಕಾಲು ನೋವು' ಎಂದಷ್ಟೇ ಹೇಳಿದರೆ ನೋವಿನ ಮಾತ್ರೆ ಸಿಗುತ್ತದೆ, ಅಷ್ಟೆ. ನಿಲ್ಲದೆ ಎಷ್ಟು ದೂರ ನಡೆಯಬಲ್ಲಿರಿ? ಕುರ್ಚಿಯಿಂದ ಏಳಲು ಕೈ ಊರಬೇಕೆ? ರಾತ್ರಿ ಮೂತ್ರಕ್ಕೆ ಎದ್ದಾಗ ತಲೆ ಸುತ್ತುತ್ತದೆಯೆ? ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ, ಎಲ್ಲೆಲ್ಲಿ ಬಿದ್ದಿದ್ದೀರಿ? ಬೀಳುವ ಭಯದಿಂದ ಯಾವ ಕೆಲಸ ಬಿಟ್ಟಿದ್ದೀರಿ? ಇವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನುಂಗುವ ಎಲ್ಲ ಮಾತ್ರೆಗಳನ್ನೂ ಜೊತೆಗೊಯ್ಯಿರಿ. ದಿನವೂ ಮೆಟ್ಟುವ ಚಪ್ಪಲಿಯನ್ನೇ ಹಾಕಿಕೊಳ್ಳಿ.

ಜೊತೆಗೆ ಬಂದವರು ಹಿರಿಯರಿಗೆ ಮಾತನಾಡಲು ಬಿಡಬೇಕು. 'ಅಮ್ಮ ಚೆನ್ನಾಗಿಯೇ ಓಡಾಡ್ತಾರೆ ಡಾಕ್ಟ್ರೆ' ಎಂದರು ಒಬ್ಬ ಮಗ. ತಾಯಿಯನ್ನೇ ಕೇಳಿದಾಗ ತಲೆ ತಗ್ಗಿಸಿ, 'ದೇವಸ್ಥಾನಕ್ಕೆ ಹೋಗಿ ಆರು ತಿಂಗಳಾಯ್ತು' ಎಂದರು. ಮಗನಿಗೆ ಅದು ಗೊತ್ತೇ ಇರಲಿಲ್ಲ.

ಮೊದಲು ಕಾರಣ, ಆಮೇಲೆ ಕೋಲು

ಕೋಲು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಮಂಡಿ ಸವೆತ, ಮಧುಮೇಹದಿಂದ ಪಾದ ಜೋಮು ಹಿಡಿಯುವುದು, ಬಿ 12 ಜೀವಸತ್ವದ ಕೊರತೆ, ಪಾರ್ಕಿನ್ಸನ್ ಕಾಯಿಲೆ, ಕಣ್ಣಿನ ಪೊರೆ ಇವೆಲ್ಲವೂ ನಡಿಗೆ ಕೆಡಿಸಬಲ್ಲವು. ನಿದ್ರೆ ಮಾತ್ರೆ ಅಥವಾ ರಕ್ತದೊತ್ತಡದ ಮಾತ್ರೆ ಹೆಚ್ಚಾದರೂ ತೂರಾಡುವಂತಾಗುತ್ತದೆ. ಮಲಗಿದ್ದಾಗ ಮತ್ತು ನಿಂತಾಗ ಎರಡೂ ಬಾರಿ ರಕ್ತದೊತ್ತಡ ನೋಡುವಂತೆ ಕೇಳಿ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಲು 12 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಬೇಕಾದರೆ ಬೀಳುವ ಸಂಭವ ಇದೆಯೆಂದು ತಿಳಿಯಬೇಕು. ಇದ್ದಕ್ಕಿದ್ದಂತೆ ಒಂದು ಕಡೆಯ ಕೈಕಾಲು ಸೋತರೆ ಅಥವಾ ಮಾತು ತೊದಲಿದರೆ ಕಾಯಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಧಾವಿಸಿ.

ಯಾವುದು, ಯಾರಿಗೆ?

ಒಂದು ಮಂಡಿ ಅಥವಾ ಒಂದು ಸೊಂಟದ ಕೀಲಿನ ನೋವಿಗೆ ಸಾಮಾನ್ಯವಾಗಿ ಒಂದು ಕೋಲು ಸಾಕು. ಹೆಚ್ಚು ಆಸರೆ ಬೇಕಾದವರಿಗೆ ನಾಲ್ಕು ಕಾಲಿನ ಕೋಲು, ಎರಡೂ ಕಾಲು ದುರ್ಬಲವಾಗಿದ್ದರೆ ವಾಕರ್. ದೂರ ಹೋಗಲು ಮಾತ್ರ ಗಾಲಿಕುರ್ಚಿ ಬಳಸಿ, ಮನೆಯೊಳಗೆ ನಡೆಯುವವರೂ ಇದ್ದಾರೆ, ಅದರಲ್ಲಿ ತಪ್ಪಿಲ್ಲ. ಆಯ್ಕೆಗೆ ಮತ್ತು ತರಬೇತಿಗೆ ಫಿಸಿಯೋಥೆರಪಿಸ್ಟ್ ಬಳಿ ಕಳಿಸುವಂತೆ ವೈದ್ಯರನ್ನು ಕೇಳಿ. ವಾಕರ್ ಕೊಳ್ಳುವ ಮುನ್ನ ಬಚ್ಚಲುಮನೆ ಬಾಗಿಲಿನ ಅಗಲ ಅಳೆಯಿರಿ. ಹೊಸ್ತಿಲು ಎತ್ತರವಾಗಿದ್ದರೆ ಅದನ್ನೂ ತಿಳಿಸಿ.

ಅಟ್ಟದ ಮೇಲಿರುವ ತಾತನ ಕೋಲು ನಿಮಗೆ ಹೊಂದುವುದಿಲ್ಲ. ಚಪ್ಪಲಿ ಮೆಟ್ಟಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಬಹಳ ಜನ ತಪ್ಪುವುದು ಇಲ್ಲಿ: ನೋವು ಬಲಗಾಲಿನಲ್ಲಿದ್ದರೆ ಕೋಲು ಎಡಗೈಯಲ್ಲಿರಬೇಕು. ಕೋಲು ಮತ್ತು ನೋವಿನ ಕಾಲು ಒಟ್ಟಿಗೆ ಮುಂದೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲಿನೊಂದಿಗೆ ನೋವಿನ ಕಾಲು ಮೊದಲು. ಕೋಲಿನ ಬುಡದ ರಬ್ಬರ್ ಸವೆದರೆ ಬದಲಿಸಿ. ಒದ್ದೆ ನೆಲದಲ್ಲಿ ಸವೆದ ರಬ್ಬರ್ ಜಾರುತ್ತದೆ.

ಖರ್ಚಿನ ಚಿಂತೆಯೆ?

60 ವರ್ಷ ದಾಟಿದ, ಬಡತನ ರೇಖೆಗಿಂತ ಕೆಳಗಿರುವವರಿಗೆ ಕೋಲು, ವಾಕರ್, ಗಾಲಿಕುರ್ಚಿಗಳನ್ನು ಉಚಿತವಾಗಿ ಕೊಡಲೆಂದು ಕೇಂದ್ರ ಸರ್ಕಾರ 2017ರಲ್ಲಿ 'ರಾಷ್ಟ್ರೀಯ ವಯೋಶ್ರೀ' ಯೋಜನೆ ಆರಂಭಿಸಿತು. ಶಿಬಿರಗಳ ಬಗ್ಗೆ ಜಿಲ್ಲಾ ಅಂಗವಿಕಲರ ಮತ್ತು ಹಿರಿಯ ನಾಗರಿಕರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಶಾಶ್ವತ ಅಂಗವೈಕಲ್ಯ ಇರುವವರು ಪ್ರಮಾಣಪತ್ರ ಪಡೆಯುವ ಬಗೆಯನ್ನೂ ವೈದ್ಯರಲ್ಲಿ ಕೇಳಿ ತಿಳಿಯಬಹುದು.

ಕಣ್ಣು ಮಂಜಾದರೆ ಕನ್ನಡಕ ಹಾಕಿಕೊಳ್ಳಲು ನಾವು ನಾಚುವುದಿಲ್ಲ. ಮುಂದಿನ ಸಲ ವೈದ್ಯರ ಎದುರು ಕುಳಿತ ಕೂಡಲೇ, ಸಕ್ಕರೆಯ ಲೆಕ್ಕ ಹೇಳುವುದಕ್ಕೂ ಮೊದಲು ಹೀಗೆನ್ನಿ: 'ಡಾಕ್ಟ್ರೆ, ನಾನು ಗೋಡೆ ಹಿಡಿದು ನಡೀತಿದೀನಿ. ಒಮ್ಮೆ ನನ್ನ ನಡಿಗೆ ನೋಡಿ.'