ಹೊಲಿಗೆ ಬಿಚ್ಚಿದರೆ ಮೂಳೆ ಕೂಡಿತೆಂದಲ್ಲ
ನಾಯಿಯ ಮಂಡಿಯೊಳಗಿನ ಅಸ್ಥಿರಜ್ಜು ಹರಿದರೆ, ಹೆಜ್ಜೆ ಊರಿದಾಗಲೆಲ್ಲ ತೊಡೆಮೂಳೆ ಕೆಳಮೂಳೆಯ ಇಳಿಜಾರಿನಲ್ಲಿ ಜಾರುತ್ತದೆ. ಅಮೆರಿಕದ ಪಶುವೈದ್ಯ ಬಾರ್ಕ್ಲೇ ಸ್ಲೋಕಮ್ 1993ರಲ್ಲಿ ವಿವರಿಸಿದ ಟಿಪಿಎಲ್‌ಒ ಶಸ್ತ್ರಚಿಕಿತ್ಸೆಯಲ್ಲಿ ಹರಿದದ್ದನ್ನು ಹೊಲಿಯುವುದಿಲ್ಲ. ಕೆಳಮೂಳೆಯ ತಲೆಯನ್ನು ಕೊಯ್ದು ತಿರುಗಿಸಿ, ಸುಮಾರು 25 ಡಿಗ್ರಿಯ ಇಳಿಜಾರನ್ನು 5ರ ಆಸುಪಾಸಿಗೆ ತಂದು, ಪ್ಲೇಟು, ಸ್ಕ್ರೂಗಳಿಂದ ಬಿಗಿಯುತ್ತಾರೆ. ಅಂದರೆ ವೈದ್ಯರೇ ಮೂಳೆ ಮುರಿದು ಕೂಡಿಸಿದಂತೆ. ಅದು ಬೆಸೆಯಲು 8ರಿಂದ 12 ವಾರ ಬೇಕು. ಎರಡೇ ವಾರಕ್ಕೆ ಚರ್ಮದ ಹೊಲಿಗೆ ಬಿಚ್ಚಿ, ನಾಯಿ ಕಾಲೂರಿ ನಡೆಯುತ್ತಿರುವಾಗ ಕಟ್ಟಿಹಾಕುವುದು ಕ್ರೌರ್ಯವಲ್ಲವೇ ಎಂದು ಕೇಳುವವರಿದ್ದಾರೆ. ಪ್ರೀತಿಯಿಂದಲೇ ಹುಟ್ಟುವ ಪ್ರಶ್ನೆ ಅದು. ಆದರೆ ನೋವು ತಗ್ಗಿದ್ದು ಮೂಳೆ ಕೂಡಿದ್ದಕ್ಕೆ ಸಾಕ್ಷಿಯಲ್ಲ. ಸೋಫಾದ ಮೇಲಿಂದ ಒಂದು ಜಿಗಿತ ಸ್ಕ್ರೂ ಸಡಿಲಿಸಬಹುದು. ಹಾಗಂತ ಅಲುಗದಂತೆ ಇಟ್ಟರೂ ಸ್ನಾಯು ಸೊರಗುತ್ತದೆ. ಬೆಲ್ಟು ಹಿಡಿದು ಕೆಲವೇ ನಿಮಿಷದ ನಿಧಾನ ನಡಿಗೆ, ನುಣುಪು ನೆಲಕ್ಕೆ ಚಾಪೆ ಸಾಕು. ಓಟ, ಮೆಟ್ಟಿಲು ಎಕ್ಸ್‌ರೇ ನೋಡಿದ ಮೇಲಷ್ಟೇ.