ಹಳೆಯ ನಾಣ್ಯಗಳನ್ನು ಯಾವುದರಲ್ಲಿ ಇಡಬೇಕು?

ನಮ್ಮ ದಾದಿಯ ಟ್ರಂಕಿನಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಅದರೊಳಗೆ ತೂತಿನ ಕಾಸು, ಅಂಚು ಅಲೆಅಲೆಯಾಗಿದ್ದ ಒಂದಾಣೆ, ಅಲ್ಯೂಮಿನಿಯಂ ಪೈಸೆಗಳು, ವಿಕ್ಟೋರಿಯಾ ರಾಣಿಯ ಮುಖವಿದ್ದ ಒಂದು ಬೆಳ್ಳಿ ರೂಪಾಯಿ ಮತ್ತು ಆನೆಯ ಚಿತ್ರವಿದ್ದ ಎರಡು ತಾಮ್ರದ ಕಾಸುಗಳಿದ್ದವು. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ದಾದಿ ಅದನ್ನು ನನ್ನ ಕೈಗಿಟ್ಟು, "ಜೋಪಾನ ಬೇಟಾ" ಎಂದರು.

ನಾನು ಜೋಪಾನ ಮಾಡಲೆಂದೇ ಮೆತ್ತನೆಯ ಪ್ಲಾಸ್ಟಿಕ್ ಜೇಬುಗಳಿದ್ದ ಅಗ್ಗದ ಆಲ್ಬಂ ಒಂದನ್ನು ಕೊಂಡು, ಒಂದೊಂದು ಜೇಬಿಗೆ ಒಂದೊಂದು ನಾಣ್ಯ ಹಾಕಿ ಬೀರುವಿನಲ್ಲಿ ಇಟ್ಟೆ. ಎರಡು ಮಳೆಗಾಲ ಕಳೆದ ಮೇಲೆ ತೆಗೆದು ನೋಡಿದರೆ ಆನೆ ಕಾಸಿನ ಮೇಲೆ ಹಸಿರು ಅಂಟು ಕೂತಿತ್ತು. ತಗಡಿನ ಡಬ್ಬಿಯಲ್ಲಿ ಅಷ್ಟು ವರ್ಷ ಏನೂ ಆಗದಿದ್ದ ಕಾಸು, ನನ್ನ ಆಲ್ಬಂನಲ್ಲಿ ಎರಡೇ ವರ್ಷದಲ್ಲಿ ಕೆಟ್ಟಿತು. ಯಾಕೆ ಹೀಗಾಯಿತು ಎಂದು ನಮ್ಮ ರಸಾಯನಶಾಸ್ತ್ರ ಉಪನ್ಯಾಸಕರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆಯವರ ಮನೆಯ ಡಬ್ಬಿಗಾದರೂ ಈ ಗತಿ ಬರದಿರಲಿ.

ಹಸಿರು ಅಂಟು ಎಲ್ಲಿಂದ ಬಂತು?

ಆ ಜೇಬುಗಳು ಪಿವಿಸಿ ಪ್ಲಾಸ್ಟಿಕ್‌ನವು. ಪಿವಿಸಿ ಸ್ವಭಾವತಃ ಗಟ್ಟಿ. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ಕಾಲ ಕಳೆದಂತೆ ಆ ಎಣ್ಣೆ ಹೊರಗೆ ಬಂದು ನಾಣ್ಯಕ್ಕೆ ಮೆತ್ತಿಕೊಳ್ಳುತ್ತದೆ. ಜೊತೆಗೆ ಬಿಸಿಲು, ಸೆಖೆಗೆ ಪಿವಿಸಿಯಿಂದ ಹೈಡ್ರೋಕ್ಲೋರಿಕ್ ಆಮ್ಲ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತದೆ. ಅದು ತಾಮ್ರದೊಂದಿಗೆ ಸೇರಿದಾಗ ಹಸಿರು ಕ್ಲೋರೈಡ್ ಆಗುತ್ತದೆ. ಬೆಳ್ಳಿ ರೂಪಾಯಿಯೂ ಇದರಿಂದ ಪಾರಾಗುವುದಿಲ್ಲ. ವಿಕ್ಟೋರಿಯಾ ಕಾಲದ ರೂಪಾಯಿಯಲ್ಲಿ ಬೆಳ್ಳಿ ಶೇ. 91.7, ಉಳಿದದ್ದು ತಾಮ್ರವೇ.

ಹೀಗೆ ಹಾಳಾಗುವುದು ಬರೀ ಲೋಹವಲ್ಲ. ಟಿಪ್ಪು ಸುಲ್ತಾನರ ಆನೆ ಕಾಸಿನ ಹಿಂಬದಿಯಲ್ಲಿ 'ಜರ್ಬ್' ಎಂಬ ಪದ ಮತ್ತು ಟಂಕಸಾಲೆಯ ಹೆಸರು ಇರುತ್ತದೆ. ಜರ್ಬ್ ಎಂದರೆ ಅಚ್ಚು ಹಾಕಿದ್ದು. 'ಪಟನ್' ಎಂದಿದ್ದರೆ ಶ್ರೀರಂಗಪಟ್ಟಣ, 'ನಗರ್' ಎಂದಿದ್ದರೆ ಬಿದನೂರು. ಟಿಪ್ಪು ಮೌಲೂದಿ ಶಕೆಯನ್ನು ಜಾರಿಗೆ ತಂದ ಮೇಲೆ ಇಸವಿಯ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದರು. ಹಾಗಾಗಿ ಕಾಸಿನ ಮೇಲೆ 5121 ಎಂದು ಕಂಡರೆ ಅದನ್ನು 1215 ಎಂದು ಓದಬೇಕು. ನಮ್ಮದೇ ಜಿಲ್ಲೆಯ ಸಕಲೇಶಪುರದ ಹತ್ತಿರ ಮಂಜರಾಬಾದ್ ಕೋಟೆ ಕಟ್ಟಿಸಿದ ದೊರೆಯ ಕಾಲವನ್ನು ಹೇಳುವ ಈ ಅಕ್ಷರಗಳು ಕೂದಲೆಳೆಯಷ್ಟು ಎತ್ತರದವು. ಕಿಲುಬು ತಿಂದರೆ ಮತ್ತೆ ಬಾರವು.

ಯಾವ ಪ್ಲಾಸ್ಟಿಕ್ ಒಳ್ಳೆಯದು?

ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಮೈಲಾರ್ ಎಂದು ಕರೆಯುವ ಪಾಲಿಯೆಸ್ಟರ್ ಹಾಳೆ, ಗಟ್ಟಿ ಅಕ್ರಿಲಿಕ್. ಈ ನಾಲ್ಕು ನಾಣ್ಯಕ್ಕೆ ಕೆಡುಕು ಮಾಡುವುದಿಲ್ಲ. ಕೊಳ್ಳುವಾಗ ಗುರುತಿಸುವುದು ಹೇಗೆ?

ಮೊದಲು ಮೂಸಿ ನೋಡಿ. ಹೊಸ ರೇನ್‌ಕೋಟಿನ ಘಾಟು ಬಂದರೆ, ಮುಟ್ಟಿದಾಗ ಮೆತ್ತಗೆ ಜಿಗುಟಾಗಿದ್ದರೆ ಬೇಡ. ಆಮೇಲೆ ಒಂದು ಚೂರು ಕತ್ತರಿಸಿ ನೀರಿನೊಳಗೆ ಅದ್ದಿ, ಗುಳ್ಳೆ ಅಂಟದಂತೆ ನೋಡಿ ಬಿಡಿ. ಪಾಲಿಪ್ರೊಪಿಲೀನ್ ಮತ್ತು ಪಾಲಿಎಥಿಲೀನ್ ತೇಲುತ್ತವೆ, ಪಿವಿಸಿ ಮುಳುಗುತ್ತದೆ. ಆದರೆ ಪಾಲಿಯೆಸ್ಟರ್ ಕೂಡ ಮುಳುಗುತ್ತದೆ. ಅಲ್ಲಿ ಅನುಮಾನ ಬಂದರೆ ಲ್ಯಾಬಿನಲ್ಲಿ ಬೈಲ್‌ಸ್ಟೈನ್ ಪರೀಕ್ಷೆ ಮಾಡಬಹುದು. ಕಾಯಿಸಿದ ತಾಮ್ರದ ತಂತಿಯನ್ನು ಪ್ಲಾಸ್ಟಿಕ್‌ಗೆ ಮುಟ್ಟಿಸಿ ಮತ್ತೆ ಜ್ವಾಲೆಗೆ ಹಿಡಿದರೆ, ಕ್ಲೋರಿನ್ ಇದ್ದಲ್ಲಿ ಜ್ವಾಲೆ ಹಸಿರಾಗುತ್ತದೆ. ಇದರ ಹೊಗೆ ವಿಷ. ಉಪನ್ಯಾಸಕರ ಎದುರಿಗೆ, ಫ್ಯೂಮ್ ಹುಡ್‌ನ ಒಳಗೆ ಮಾತ್ರ ಮಾಡಬೇಕು, ಮನೆಯಲ್ಲಿ ಬೇಡ.

ಯಾವ ನಾಣ್ಯಕ್ಕೆ ಯಾವ ಹೋಲ್ಡರ್?

ಸಾಮಾನ್ಯ ನಾಣ್ಯಗಳಿಗೆ ಎರಡಿಂಚು ಚದರದ ರಟ್ಟಿನ ಹೋಲ್ಡರ್ ಸಾಕು. ಮಧ್ಯೆ ಮೈಲಾರ್ ಕಿಟಕಿ ಇರುತ್ತದೆ. ನಾಣ್ಯ ಇಟ್ಟು ರಟ್ಟನ್ನು ಮಡಚಿ ಮೂರು ಕಡೆ ಸ್ಟೇಪ್ಲರ್ ಹೊಡೆಯಬೇಕು. ಪಿನ್ನಿನ ತುದಿಗಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಇಲ್ಲದಿದ್ದರೆ ಪಕ್ಕದ ಹೋಲ್ಡರಿನ ನಾಣ್ಯಕ್ಕೆ ಗೀರು ಬೀಳುತ್ತದೆ. ನಾಣ್ಯವನ್ನು ಹೊರಗೆ ತೆಗೆಯುವಾಗ ಮೊದಲು ಪಿನ್ನುಗಳನ್ನೆಲ್ಲ ಕಿತ್ತು ಆಮೇಲೆ ರಟ್ಟು ಬಿಡಿಸಿ.

ಬೆಳ್ಳಿ ರೂಪಾಯಿ, ಆನೆ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕನ್ನಡ ಬರಹದ ಕಾಸು, ಇಂಥವಕ್ಕೆ ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್ ಒಳ್ಳೆಯದು. ಅಳತೆ ಮಾತ್ರ ಸರಿಯಾಗಿರಬೇಕು. ಸಡಿಲವಾದರೆ ನಾಣ್ಯ ಒಳಗೇ ಉರುಳಾಡಿ ಸವೆಯುತ್ತದೆ. ಫಿಸಿಕ್ಸ್ ಲ್ಯಾಬಿನ ವರ್ನಿಯರ್ ಕ್ಯಾಲಿಪರ್ ಇಲ್ಲಿ ಕೆಲಸಕ್ಕೆ ಬರುತ್ತದೆ, ಆದರೆ ದವಡೆಗಳನ್ನು ಬಿಗಿಯಾಗಿ ಒತ್ತಬೇಡಿ. ಎರಡು ಲೋಹದ ಹತ್ತು ರೂಪಾಯಿ 27 ಮಿ.ಮೀ. ಇದೆ. ಹಳೆಯ ಬೆಳ್ಳಿ ರೂಪಾಯಿ 30 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಕೈಯಲ್ಲಿ ಅಚ್ಚು ಹಾಕಿದ ಆನೆ ಕಾಸುಗಳು ಪೂರ್ತಿ ದುಂಡಗಿರುವುದಿಲ್ಲ. ಅವುಗಳ ಅತಿ ಅಗಲದ ಕಡೆಯನ್ನೇ ಅಳೆಯಿರಿ.

ಆಲ್ಬಂ ಬೇಕೇ ಬೇಕು ಎನ್ನುವವರು ಪಾಲಿಪ್ರೊಪಿಲೀನ್ ಹಾಳೆಯದ್ದನ್ನು ಕೇಳಿ ಕೊಳ್ಳಿ. ಒಂದೇ ಬಗೆಯ ಪೈಸೆಗಳು ತುಂಬಾ ಇದ್ದರೆ ಅಳತೆಗೆ ಸರಿಯಾದ ಪಾಲಿಎಥಿಲೀನ್ ಕೊಳವೆ ಸಾಕು.

ಎಲ್ಲಿ ಇಡಬೇಕು?

ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಅಗ್ಗದ ರಟ್ಟಿನ ಪೆಟ್ಟಿಗೆಗಳಲ್ಲಿ ಗಂಧಕದ ಅಂಶವಿರುತ್ತದೆ. ಅದು ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಮರದ ಡ್ರಾಯರಿನಿಂದ ಆಮ್ಲದ ಆವಿ ಬರುತ್ತದೆ. ನಮ್ಮ ಕಡೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಗೋಡೆಗಳೇ ತಂಪು ಹೊಡೆಯುತ್ತವೆ. ಆದ್ದರಿಂದ ಹೊರಗೋಡೆಗೆ ತಾಗದ ಬೀರುವಿನಲ್ಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಶೂ ಪೆಟ್ಟಿಗೆಯಲ್ಲಿ ಸಿಗುವ ಪೊಟ್ಟಣವೂ ಆಗಬಹುದು, ಆದರೆ ಅದು ತೇವ ಕುಡಿದಿದ್ದರೆ ಪ್ರಯೋಜನವಿಲ್ಲ. ಅಡುಗೆಮನೆ, ಅಟ್ಟ ಎರಡೂ ಬೇಡ. ತಿಂಗಳಿಗೊಮ್ಮೆ ತೆಗೆದು ನೋಡಿ. ನಾನು ನೋಡದೆ ಬಿಟ್ಟದ್ದೇ ದೊಡ್ಡ ತಪ್ಪು.

ತೊಳೆಯಬೇಡಿ

ಹಿತ್ತಾಳೆ ಬಿಂದಿಗೆಯಂತೆ ನಾಣ್ಯವನ್ನೂ ಹುಣಸೇಹಣ್ಣು, ಬೂದಿ ಹಾಕಿ ಉಜ್ಜಿದರೆ ಫಳಫಳ ಹೊಳೆಯುತ್ತದೆ ನಿಜ. ಆದರೆ ಹುಳಿ ಮೇಲ್ಪದರವನ್ನೇ ಕರಗಿಸುತ್ತದೆ, ಬೂದಿ ಅಕ್ಷರಗಳನ್ನು ಸವೆಸುತ್ತದೆ. ಹಳೆಯ ತಾಮ್ರದ ಕಂದು ಬಣ್ಣ ಕೊಳೆಯಲ್ಲ. ಅದೇ ಅದಕ್ಕೆ ಕಾವಲು. ಉಜ್ಜಿದ ನಾಣ್ಯಕ್ಕೆ ಸಂಗ್ರಹಕಾರರು ಕಡಿಮೆ ಬೆಲೆ ಕಟ್ಟುವುದು ಇದಕ್ಕೇ. ಪಿವಿಸಿ ಅಂಟು ತೆಗೆಯಲು ಮಾತ್ರ ಲ್ಯಾಬಿನ ಶುದ್ಧ ಅಸಿಟೋನ್‌ನಲ್ಲಿ ಗಾಜಿನ ಪಾತ್ರೆಯಲ್ಲಿ ನೆನೆಸಬಹುದು. ಉಜ್ಜಬಾರದು, ಹತ್ತಿರ ಬೆಂಕಿ ಇರಬಾರದು. ಸರ್ ಎದುರಿಗೆ ನನ್ನ ಕಾಸನ್ನು ಹಾಗೆ ನೆನೆಸಿದಾಗ ಅಂಟು ಹೋಯಿತು. ಅಂಟಿನ ಕೆಳಗೆ ಆಗಲೇ ಬಿದ್ದಿದ್ದ ಕುಳಿಗಳು ಹಾಗೇ ಉಳಿದವು.

ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಿರಿ. ಬೆರಳ ಬೆವರಿನ ಉಪ್ಪು ಗುರುತು ಬಿಡುತ್ತದೆ. ಕೈಜಾರಿದರೂ ಪೆಟ್ಟಾಗದಂತೆ ಕೆಳಗೆ ಒಂದು ಟವೆಲ್ ಹಾಸಿಕೊಳ್ಳಿ.

ಕಾನೂನಿನ ಮಾತು

ಹೊಲ ಉಳುವಾಗ, ಪಾಯ ತೋಡುವಾಗ ಹಳೆಯ ನಾಣ್ಯ ಸಿಕ್ಕರೆ ಅದು ಸಿಕ್ಕವರ ಸ್ವತ್ತಾಗಿಬಿಡುವುದಿಲ್ಲ. ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ಹೊಯ್ಸಳರು ಆಳಿದ ನಮ್ಮ ಜಿಲ್ಲೆಯಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ವಿಷ್ಣುವರ್ಧನನ ಚಿನ್ನದ ನಾಣ್ಯಗಳ ಮೇಲೆ 'ತಲಕಾಡುಗೊಂಡ' ಎಂಬ ಬಿರುದು ಕನ್ನಡದಲ್ಲೇ ಇದೆ. ನೂರು ವರ್ಷ ದಾಟಿದ ನಾಣ್ಯವನ್ನು ಅನುಮತಿಯಿಲ್ಲದೆ ವಿದೇಶಕ್ಕೆ ಕಳಿಸುವುದೂ ಅಪರಾಧ.

ಕೊನೆಗೆ ಒಂದು ಮಾತು. ರಟ್ಟಿನ ಹೋಲ್ಡರಿಗೆ ನಾಣ್ಯ ಹಾಕುವ ಮೊದಲೇ ಅದರ ಮೇಲೆ ಇಸವಿ, ಲೋಹ, ಟಂಕಸಾಲೆ ಬರೆಯಿರಿ. ನಮ್ಮ ಕಾಲದ ನಾಣ್ಯಗಳಲ್ಲಿ ಇಸವಿಯ ಕೆಳಗೆ ವಜ್ರಾಕಾರವಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಜೊತೆಗೆ ಅದು ಯಾರ ಕೈಯಿಂದ ಬಂತು ಎಂಬುದನ್ನೂ ಬರೆಯಿರಿ. ಆನೆ ಕಾಸು ತನ್ನ ಅತ್ತೆ ಕೊಟ್ಟದ್ದು ಎಂದು ದಾದಿ ಹೇಳಿದ್ದು ನಾನು ಕೇಳಿದ ಮೇಲೆಯೇ. ಅದನ್ನು ಈಗ ಹೋಲ್ಡರಿನ ಮೇಲೆ ಬರೆದಿಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ, ಹೋಲ್ಡರ್ ಕೊಳ್ಳುವ ಮೊದಲು ಹಿರಿಯರ ಪಕ್ಕ ಕೂತು ಕೇಳಿ.