ಬೀಜದ ಗುಣ ಬಟ್ಟಲಲ್ಲಿ ಬಯಲು

ಜನವರಿ ಬಂತೆಂದರೆ ದಕ್ಷಿಣ ಕೊಡಗಿನ ಪಾಲಿಬೆಟ್ಟದ ಸುತ್ತಮುತ್ತ ಕಾಫಿ ಕಣಗಳು ತುಂಬಿಕೊಳ್ಳುತ್ತವೆ. ಒಣಗಲು ಹರವಿದ ಚೆರ್ರಿಯನ್ನು ಅನುಭವಸ್ಥರು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಗಿಲಗಿಲ ಸದ್ದು ಬಂದರೆ ಒಣಗಿದೆ ಎಂದು ಲೆಕ್ಕ. ಕಾಫಿಯ ಮೊದಲ ಗುಣಪರೀಕ್ಷೆ ನಡೆಯುವುದು ಹೀಗೆ, ಯಾವ ಪ್ರಯೋಗಾಲಯವೂ ಇಲ್ಲದೆ!

ಕಾಫಿ ಉದ್ಯಮಕ್ಕೂ ಈ ಪುಟ್ಟ ಊರಿಗೂ ಹಳೆಯ ನಂಟು. ಕನ್ಸಾಲಿಡೇಟೆಡ್ ಕಾಫಿ ಎಂಬ ಹೆಸರಿನಲ್ಲಿ ಬೆಳೆದು ಮುಂದೆ ಟಾಟಾ ಕಾಫಿಯಾದ ಕಂಪನಿಯ ನೋಂದಾಯಿತ ಕಚೇರಿ ಇದ್ದದ್ದು ಇಲ್ಲಿಯೇ. 2024ರಲ್ಲಿ ಆ ಕಂಪನಿ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನಲ್ಲಿ ವಿಲೀನವಾಯಿತು. ಆದರೆ ತೋಟ ಕಂಪನಿಯದಿರಲಿ, ಎರಡೆಕರೆಯ ಬೆಳೆಗಾರನದಿರಲಿ, ಒಳ್ಳೆಯ ಕಾಫಿ ಎನಿಸಿಕೊಳ್ಳಲು ದಾಟಬೇಕಾದ ಪರೀಕ್ಷೆಗಳು ಒಂದೇ.

ಮೊದಲನೆಯದು ತೇವಾಂಶ. ಚೆರ್ರಿಗೆ ಶೇ 11, ಪಾರ್ಚ್‌ಮೆಂಟ್‌ಗೆ ಶೇ 10 ಸರಿಯಾದ ಹದ. ಮೀಟರ್ ಇದನ್ನು ಕ್ಷಣದಲ್ಲಿ ತೋರಿಸುತ್ತದೆ. ಇನ್ನೂ ನಿಖರವಾಗಿ ತಿಳಿಯಬೇಕಾದರೆ ಬೀಜವನ್ನು 105 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್‌ನಲ್ಲಿ 16 ಗಂಟೆ ಇಟ್ಟು ಮತ್ತೆ ತೂಗುತ್ತಾರೆ. 10 ಗ್ರಾಂ ಬೀಜ 8.9 ಗ್ರಾಂಗೆ ಇಳಿದರೆ ತೇವಾಂಶ ಶೇ 11. ಹೈಸ್ಕೂಲಿನ ಗಣಿತ ಸಾಕು.

ಇಷ್ಟೊಂದು ಬಿಗಿ ಏಕೆ? ತೇವಾಂಶ ಶೇ 12.5 ಮೀರಿದರೆ ದಾಸ್ತಾನಿನಲ್ಲಿ ಬೂಷ್ಟು ಬೆಳೆಯುವ ಅಪಾಯವಿದೆ. ಕೆಲವು ಬೂಷ್ಟುಗಳು ಓಕ್ರಾಟಾಕ್ಸಿನ್-ಎ ಎಂಬ ವಿಷವನ್ನು ಉತ್ಪಾದಿಸುತ್ತವೆ. ಅದು ಮೂತ್ರಪಿಂಡಕ್ಕೆ ಹಾನಿಕರ. ಬೀಜ ಹುರಿದರೂ ಪೂರ್ತಿ ನಾಶವಾಗದು. ಐರೋಪ್ಯ ಒಕ್ಕೂಟ 2023ರಿಂದ ಹುರಿದ ಕಾಫಿಯಲ್ಲಿ ಇದರ ಮಿತಿಯನ್ನು ಕಿಲೋಗೆ 5ರಿಂದ 3 ಮೈಕ್ರೋಗ್ರಾಂಗೆ ಇಳಿಸಿದೆ. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು.

ಮುಂದಿನದು ಜರಡಿ. 7.10 ಮಿಲಿಮೀಟರ್ ತೂತಿನ ಜರಡಿಯ ಮೇಲೆ ನಿಂತದ್ದು ‘ಎಎ’, 6.65ರ ಮೇಲೆ ನಿಂತದ್ದು ‘ಎ’. ಕಪ್ಪಾದ, ಒಡೆದ, ಹುಳು ಕೊರೆದ ಬೀಜಗಳನ್ನು ಆರಿಸಿ ಲೆಕ್ಕ ಹಾಕುತ್ತಾರೆ.

ಕೊನೆಯ ತೀರ್ಪು ನಾಲಿಗೆಯದು. 150 ಮಿಲಿಲೀಟರ್ ಬಿಸಿನೀರಿಗೆ 8.25 ಗ್ರಾಂ ಪುಡಿ. ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಕೆನೆಯಂಥ ಪದರವನ್ನು ಚಮಚದಿಂದ ಒಡೆದು ಪರಿಮಳ ನೋಡುತ್ತಾರೆ. ಆಮೇಲೆ ಸೊರ್ರೆಂದು ಹೀರಿ ಉಗುಳುತ್ತಾರೆ. ಒಂದು ಮಾದರಿಗೆ ಐದು ಬಟ್ಟಲು, ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಪುಡಿ ಮಾಡಬೇಕು. ಕೆಟ್ಟ ಬೀಜ ಒಂದೇ ಇದ್ದರೂ ಅದು ಬಿದ್ದ ಬಟ್ಟಲು ಉಳಿದ ನಾಲ್ಕರ ನಡುವೆ ಸಿಕ್ಕಿಬೀಳುತ್ತದೆ.

ಇದನ್ನೇ ವೃತ್ತಿಯಾಗಿಸಿಕೊಂಡು ಹೆಸರಾದವರು ಸುನಾಲಿನಿ ಮೆನನ್. ಕಾಫಿ ಮಂಡಳಿಯ ಗುಣನಿಯಂತ್ರಣ ವಿಭಾಗದ ಮುಖ್ಯಸ್ಥೆಯಾಗಿದ್ದ ಅವರು ಬಳಿಕ ಬೆಂಗಳೂರಿನಲ್ಲಿ ‘ಕಾಫಿಲ್ಯಾಬ್’ ಸ್ಥಾಪಿಸಿದರು. ವಿಜ್ಞಾನ ಪದವೀಧರರಿಗಾಗಿ ಕಾಫಿ ಮಂಡಳಿ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಓದಿದ ಮಕ್ಕಳ ತಂದೆತಾಯಿಯರು ಗಮನಿಸಬೇಕಾದ ದಾರಿಯಿದು.

ಆದರೆ ಪರೀಕ್ಷಕರು ದೋಷವನ್ನು ಕಂಡುಹಿಡಿಯಬಲ್ಲರು, ಅಳಿಸಲಾರರು. ಬಟ್ಟಲಲ್ಲಿ ಮೂಗಿಗೆ ಬಡಿಯುವ ಬೂಷ್ಟಿನ ವಾಸನೆ ಹುಟ್ಟಿದ್ದು ಅವಸರದಲ್ಲಿ ಕಟ್ಟಿದ ಹಸಿ ಚೀಲದಲ್ಲೋ ಕಣದ ಮೇಲೆ ಸುರಿದ ಅಕಾಲ ಮಳೆಯಲ್ಲೋ ಇರಬಹುದು. ಅಷ್ಟಕ್ಕೇ ಒಂದು ಕುಟುಂಬದ ವರ್ಷದ ದುಡಿಮೆಯ ಬೆಲೆ ಕುಸಿಯುತ್ತದೆ. ಆದ್ದರಿಂದಲೇ ಸಂಜೆ ಇಬ್ಬನಿ ಇಳಿಯುವ ಮುನ್ನ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸುವ ಕಣದ ಕೈಗಳೂ ಗುಣನಿಯಂತ್ರಣದ ಕೈಗಳೇ.